ವಿಕಲಚೇತನ ಅಪ್ಪ-ಅಮ್ಮನ ಮಗುವಿನ ಬಗ್ಗೆ ದೂರು ಹೋದರೆ ಏನು ಮಾಡಬೇಕು?

ಅಮ್ಮನಿಗೆ ಕಣ್ಣು ಕಾಣದು, ಅಪ್ಪನಿಗೆ ಕಿವಿ ಕೇಳದು. ಹೊಸನಗರದ ಕಡೆ ತೋಟದ ನಡುವೆ ಒಂಟಿ ಮನೆ. ‘ಪಾಪ, ಇವರು ಮಗು ಹೇಗೆ ಸಾಕ್ತಾರೆ?’ ಅಂತ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಾರೆ. ಎರಡು ದಿನದಲ್ಲಿ ಅಂಗಳಕ್ಕೆ ಮಕ್ಕಳ ರಕ್ಷಣಾ ಘಟಕದವರ ಜೀಪು ಬರುತ್ತದೆ. ಆ ಹೊತ್ತಿಗೆ ಹತ್ತಿರ ಇರುವ ನೆಂಟರು, ನೆರೆಯವರು, ಆಶಾ ಕಾರ್ಯಕರ್ತೆಯರಿಗಾಗಿ ಈ ಬರಹ.

ಮೊದಲು ದೂರು ಏನೆಂದು ಕೇಳಿ

‘ಅಮ್ಮನಿಗೆ ಕಣ್ಣಿಲ್ಲ’ ಅನ್ನುವುದು ದೂರೇ ಅಲ್ಲ. ‘ಲಸಿಕೆ ಹಾಕಿಸಿಲ್ಲ’, ‘ಮಗು ಬಾವಿ ಹತ್ತಿರ ಒಂದೇ ಆಡ್ತಿತ್ತು’ ಅನ್ನುವುದು ದೂರು. ಅದಕ್ಕೆ ಉತ್ತರ ಕೊಡಬಹುದು. ತಂದೆ-ತಾಯಿಯ ವೈಕಲ್ಯವನ್ನೇ ಕಾರಣ ಮಾಡಿ ಮಗುವನ್ನು ಬೇರೆ ಮಾಡಬಾರದು ಎಂದು ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 23ನೇ ವಿಧಿ ಹೇಳುತ್ತದೆ. ಭಾರತ ಅದನ್ನು 2007ರಲ್ಲೇ ಒಪ್ಪಿದೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಮನೆಯಲ್ಲಿ ಹೊಡೆತ, ಉಪವಾಸ ಇದ್ದರೆ ಮಾತು ಬೇರೆ. ಅದನ್ನು ಮುಚ್ಚಿಡಲು ಹೋಗಬೇಡಿ.

ಓದಿಸದೆ ಸಹಿ ಬೇಡ

ಹೆಬ್ಬೆಟ್ಟೂ ಬೇಡ. ಕಾಗದವನ್ನು ಜೋರಾಗಿ ಓದಿಸಿ. ಕಿವಿ ಕೇಳದವರಿಗೆ ಸನ್ನೆಯಲ್ಲಿ ತಿಳಿಸಿದ ಮೇಲೇ ಮುಂದಿನ ಮಾತು. ‘ಸ್ವಲ್ಪ ದಿನ ಅಲ್ಲಿರಲಿ’ ಎಂದು ಒಪ್ಪುವುದು ಬೇರೆ, ಮಗುವನ್ನು ಶಾಶ್ವತವಾಗಿ ಒಪ್ಪಿಸಿಬಿಡುವ ಪತ್ರ ಬೇರೆ. ಗೊತ್ತಿಲ್ಲದೆ ಅಂಥ ಪತ್ರಕ್ಕೆ ಸಹಿ ಬಿದ್ದಿದ್ದರೆ ಮನಸ್ಸು ಬದಲಿಸಲು ಎರಡು ತಿಂಗಳು ಇರುತ್ತದೆ.

ಒಂದು ನೋಟ್‌ಬುಕ್ ಮಾಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಇದೇ. ಮನೆಯ ಪರಿಸ್ಥಿತಿ ನೋಡಿ ವರದಿ ಬರೆಯಲು ಕಾಯ್ದೆ ಕೊಡುವುದು 15 ದಿನ. ಬಂದವರು ಒಂದು ಗಂಟೆ ಕೂತು ಹೋಗುತ್ತಾರೆ. ಆ ಒಂದು ಗಂಟೆಯಲ್ಲಿ ಕಾಣದ್ದು ನೋಟ್‌ಬುಕ್ಕಿನಲ್ಲಿ ಇರಬೇಕು.

ಬೆಳಿಗ್ಗೆಯಿಂದ ರಾತ್ರಿವರೆಗೆ ಯಾವ ಕೆಲಸ ಹೇಗೆ ಆಗುತ್ತದೆ ಎಂದು ಬರೆಯಿರಿ. ಕಣ್ಣು ಕಾಣದ ತಾಯಿ ಸಿರಪ್ ಹೇಗೆ ಅಳೆಯುತ್ತಾಳೆ? ಸೂಜಿ ಇಲ್ಲದ ಸಿರಿಂಜಿನ ದಂಡಕ್ಕೆ 5 ಎಂಎಲ್ ಬರುವಲ್ಲಿ ಬ್ಲೇಡಿನಿಂದ ಕಚ್ಚು ಹಾಕಿಸಿಕೊಂಡಿದ್ದಾಳೆ. ಉಗುರಿಗೆ ಕಚ್ಚು ಸಿಕ್ಕಿತೋ, ಎಳೆಯುವುದು ನಿಲ್ಲಿಸುತ್ತಾಳೆ. ಮಗು ಎಲ್ಲಿದೆ ಎನ್ನಲು ಕಾಲಿಗೆ ಗೆಜ್ಜೆ. ಗೆಜ್ಜೆ ಸದ್ದು ನಿಂತರೆ ಒಲೆ ಬಿಟ್ಟು ಏಳುತ್ತಾಳೆ. ಇದನ್ನೆಲ್ಲ ಬರೆಯಿರಿ, ಬಂದವರಿಗೆ ಮಾಡಿಯೂ ತೋರಿಸಲಿ. ಕಣ್ಣಿರುವ ನಾವು ಎಷ್ಟು ಸಲ ಸುಮ್ನೆ ಅಂದಾಜಿನಲ್ಲಿ ಸಿರಪ್ ಸುರಿಯುತ್ತೇವೆ, ಅಲ್ವಾ?

ಆಗದ ಕೆಲಸವನ್ನೂ ಬರೆಯಿರಿ. ಮಳೆಗಾಲದಲ್ಲಿ ಕಾಲುಸಂಕ ದಾಟಿಸಿ ಅಂಗನವಾಡಿಗೆ ಬಿಡುವವರು ಯಾರು? ಪಕ್ಕದ ಮನೆ ಅತ್ತಿಗೆ ಅಂದರೆ ಅವರ ಹೆಸರು, ಫೋನ್ ನಂಬರ್ ಇರಲಿ. ಅಡಿಕೆ ಕೊಯ್ಲಿನ ಹೊತ್ತಿಗೆ ಅತ್ತಿಗೆಗೂ ಪುರಸೊತ್ತು ಇರಲ್ಲ. ಆಗ ಯಾರು ಅನ್ನುವುದೂ ಇರಲಿ. ಬಾವಿಗೆ ಮುಚ್ಚಳ, ಬಚ್ಚಲ ಹಂಡೆ ಒಲೆಗೆ ಅಡ್ಡಗಟ್ಟು ಇಲ್ಲದಿದ್ದರೆ ವರದಿ ಬರೆಯುವವರು ಬರುವ ಮೊದಲೇ ಮಾಡಿಸಿ.

ಜೊತೆಗೆ ಯಾರು?

ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಊರಲ್ಲಿ ‘ವಿಆರ್‌ಡಬ್ಲ್ಯೂ’ ಅಂದರೆ ಗೊತ್ತಾಗುತ್ತದೆ. ವಿಕಲಚೇತನರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಅವರಿಂದಲೇ ಶುರು ಮಾಡಿ. ವಕೀಲರು ಬೇಕಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ವಿಕಲಚೇತನರಿಗೆ ಇದು ಉಚಿತ.

ಸಮಿತಿಯ ಮುಂದೆ

ಮಗು ಎಲ್ಲಿರಬೇಕೆಂದು ತೀರ್ಮಾನಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಅದರಲ್ಲಿ ಅಧ್ಯಕ್ಷರೂ ಸೇರಿ ಐವರು. ಶಿವಮೊಗ್ಗಕ್ಕೆ ಹೋಗುವ ದಿನ ಮೊದಲ ಬಸ್ಸನ್ನೇ ಹಿಡಿಯಿರಿ. ನೋಟ್‌ಬುಕ್, ತಾಯಿ ಕಾರ್ಡ್, ಯುಡಿಐಡಿ ಜೊತೆಗಿರಲಿ. ಸನ್ನೆ ಭಾಷೆ ಬಲ್ಲವರು ಬೇಕೆಂದು ಮೊದಲೇ ಬರೆದು ಕೊಡಿ. ಮಾತಾಡಬೇಕಾದವರು ಅಪ್ಪ-ಅಮ್ಮ. ನೀವು ಪಕ್ಕದಲ್ಲಿ ಕೂತರೆ ಸಾಕು. ಇದು ನಾನೂ ತಪ್ಪು ಮಾಡಿ ಕಲಿತ ಪಾಠ. ಒಮ್ಮೆ ನಾನೇ ಎಲ್ಲ ಹೇಳಿಬಿಟ್ಟೆ. ‘ಅವರಿಗೆ ಸ್ವಂತ ಬಾಯಿ ಇಲ್ವಾ?’ ಎಂಬ ಪ್ರಶ್ನೆ ಬಂತು.

ದುಡ್ಡಿನ ಮಾತನ್ನೂ ಅಲ್ಲೇ ಎತ್ತಿ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಹಳ್ಳಿಯವರಾದರೆ ಮನೆಯ ವರ್ಷದ ಆದಾಯ 72,000 ದಾಟಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಆದೇಶದ ಪ್ರತಿ ಕೇಳಿ ಪಡೆಯಿರಿ, ಮೇಲಿನ ತಾರೀಖು ನೋಡಿ. ಒಪ್ಪಿಗೆ ಇಲ್ಲದಿದ್ದರೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು 30 ದಿನ. ಪ್ರಾಯೋಜಕತ್ವದ ತಕರಾರಾದರೆ ಜಿಲ್ಲಾಧಿಕಾರಿಗೆ.