ಇಳಕಲ್ ಸೀರೆಯ ಕೆಂಪು ಫೋನಿನಲ್ಲೂ ಕೆಂಪಾಗೇ ಬರಬೇಕಾದರೆ

ದಾಳಿಂಬೆ ಕೆಂಪಿನ ಇಳಕಲ್ ಸೀರೆಯನ್ನು ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಹಾಸಿ ಫೋಟೊ ತೆಗೆದರೆ, ಪರದೆಯ ಮೇಲೆ ಅದು ಗುಲಾಬಿಯಾಗಿಯೋ ಕಿತ್ತಳೆಯಾಗಿಯೋ ಕಾಣುತ್ತದೆ. ಸೆರಗಿನಲ್ಲಿ ನೇಯ್ದ ಬಿಳಿ ಚಿತ್ತಾರ, ಅಂದರೆ ತೆನಿಗಳು, ಕೆಂಪಿನಲ್ಲಿ ಕಲಸಿಹೋಗುತ್ತವೆ. ಕೊಂಡವರು ಪೊಟ್ಟಣ ಬಿಚ್ಚಿ ‘ಫೋಟೊದಾಗ ಬ್ಯಾರೇನೇ ಇತ್ತಲ್ರೀ’ ಎಂದು ಸೀರೆ ವಾಪಸ್ ಕಳಿಸುತ್ತಾರೆ. ಹೋಗಿಬರುವ ಕೊರಿಯರ್ ಖರ್ಚು ಅಂಗಡಿಯ ಮೇಲೆ ಬೀಳುತ್ತದೆ, ನೇಯ್ದವರ ಕೆಲಸದ ಮೇಲೆ ಸುಮ್ಮನೆ ಅನುಮಾನ ಹುಟ್ಟುತ್ತದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣಗಳನ್ನು (ಕುಪ್ಪಸದ ಬಟ್ಟೆ) ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂಗಳಲ್ಲಿ ಮಾರುವವರಿಗೆ ದುಬಾರಿ ಕ್ಯಾಮೆರಾ ಬೇಡ. ಸಾಧಾರಣ ಫೋನು, ಒಂದು ಕಿಟಕಿ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಬಣ್ಣ ಇದ್ದದ್ದು ಇದ್ದ ಹಾಗೇ ಬರುತ್ತದೆ.

ಮೊದಲು ಸಾಮಾನು ಕೂಡಿಸಿಕೊಳ್ಳಿ. ಎರಡು ಅಡಿ ಅಗಲ, ಮೂರು ಅಡಿ ಉದ್ದದ ಬಿಳಿ ಥರ್ಮಾಕೋಲ್ ಹಾಳೆ ಎರಡು, ಕಪ್ಪು ಚಾರ್ಟ್ ಪೇಪರ್ ಒಂದು, ಬಟ್ಟೆ ಒಣಹಾಕುವ ಕ್ಲಿಪ್ ಎಂಟು, ಫೋನ್ ಸ್ಟ್ಯಾಂಡ್ ಒಂದು, ಇಸ್ತ್ರಿಪೆಟ್ಟಿಗೆ ಒಂದು, ಒಗೆದ ತೆಳು ಬಿಳಿ ಧೋತರ ಒಂದು. ಧೋತರ ಹಳೆಯದಾಗಿ ಹಳದಿ ತಿರುಗಿದ್ದರೆ ಬೇಡ. ಅದರ ಮೂಲಕ ಬಂದ ಬೆಳಕೂ ಹಳದಿಯಾಗುತ್ತದೆ.

ಕಿಟಕಿ ಯಾವುದು, ಯಾವಾಗ

ಉತ್ತರ ದಿಕ್ಕಿನ ಕಿಟಕಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅಲ್ಲಿ ಬರುವುದು ನೇರ ಬಿಸಿಲಲ್ಲ, ಆಕಾಶದ ಬೆಳಕು. ಹೊತ್ತಿನಿಂದ ಹೊತ್ತಿಗೆ ಅದು ಹೆಚ್ಚು ಬದಲಾಗುವುದಿಲ್ಲ. ಆದರೆ ಒಂದು ಎಚ್ಚರಿಕೆ ಬೇಕು. ಬಾಗಲಕೋಟೆ ಸೀಮೆಯಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆಗ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಯಲ್ಲೂ ಬಿಸಿಲು ಇಣುಕುತ್ತದೆ. ಬಿಸಿಲು ಬಿದ್ದಾಗ ಧೋತರವನ್ನು ಕಿಟಕಿಗೆ ಕ್ಲಿಪ್ ಹಾಕಿ ಕಟ್ಟಿ. ಬೆಳಕು ಹರಡಿಕೊಂಡು ಮೆತ್ತಗಾಗುತ್ತದೆ. ಪೂರ್ವ, ಪಶ್ಚಿಮದ ಕಿಟಕಿಯೇ ಇದ್ದರೆ ಬಿಸಿಲು ಒಳಗೆ ಬೀಳದ ಹೊತ್ತು ಆರಿಸಿ. ಪೂರ್ವಕ್ಕೆ ಮಧ್ಯಾಹ್ನದ ನಂತರ, ಪಶ್ಚಿಮಕ್ಕೆ ಬೆಳಗ್ಗೆ.

ಕೋಣೆಯ ಎಲ್ಲ ಲೈಟು ಆರಿಸಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಕಿಟಕಿಯ ಬೆಳಕಿಗೂ ಎಲ್‌ಇಡಿ ಬಲ್ಬಿನ ಬೆಳಕಿಗೂ ಬಣ್ಣ ಬೇರೆ. ಎರಡೂ ಸೇರಿದರೆ ಸೀರೆಯ ಒಂದು ಮಗ್ಗುಲು ನೀಲಿಗೆ, ಇನ್ನೊಂದು ಹಳದಿಗೆ ಎಳೆಯುತ್ತದೆ. ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಕೆಡುತ್ತದೆ, ಯಾವ ಎಡಿಟಿಂಗ್ ಆ್ಯಪ್ ಹಿಡಿದು ಕೂತರೂ ಅಷ್ಟೇ. ಗೋಡೆಯನ್ನೂ ನೋಡಿಕೊಳ್ಳಿ. ನಮ್ಮ ಕಡೆ ಪಡಸಾಲೆಗೆ ಗಾಢ ಹಸಿರು, ನೀಲಿ ಬಣ್ಣ ಹಚ್ಚುವ ರೂಢಿ ಉಂಟು. ಆ ಗೋಡೆಗೆ ಬಡಿದ ಬೆಳಕು ಅದರ ಬಣ್ಣವನ್ನೇ ಹೊತ್ತು ಸೀರೆಯ ಮೇಲೆ ಬೀಳುತ್ತದೆ. ಅಂಗಳದ ಕೆಂಪು ಮಣ್ಣೂ ಹಾಗೆಯೇ. ಬಿಳಿ ಹಾಸಿಗೆ ಚಾದರವೊಂದನ್ನು ಗೋಡೆಗೆ ಇಳಿಬಿಟ್ಟರೆ ಸಾಕು.

ಸೀರೆ ಕಿಟಕಿಯಿಂದ ಮೂರು ಅಡಿ ದೂರವಿರಲಿ, ಬೆಳಕು ಪಕ್ಕದಿಂದ ಬರಲಿ. ತೀರ ಹತ್ತಿರವಿದ್ದರೆ ಕಿಟಕಿ ಕಡೆಯ ಅಂಚು ಬೆಳ್ಳಗೆ ಹೊಳೆದು ಆಚೆಯ ಅಂಚು ಕಪ್ಪಿಡುತ್ತದೆ. ಆಚೆ ಮಗ್ಗುಲಿಗೆ ಥರ್ಮಾಕೋಲ್ ಹಾಳೆ ನಿಲ್ಲಿಸಿ, ಚೌಕಟ್ಟಿನೊಳಗೆ ಬಾರದಷ್ಟು ಹತ್ತಿರ ತನ್ನಿ. ನೆರಳು ತಿಳಿಯಾಗುವುದು ಕಣ್ಣಿಗೇ ಕಾಣುತ್ತದೆ. ನೆರಳು ಪೂರ್ತಿ ಹೋಗುವಷ್ಟು ತರಬೇಡಿ, ಬಟ್ಟೆಯ ಮೈ ತಿಳಿಯುವುದೇ ಆ ಚೂರು ನೆರಳಿನಿಂದ.

ಸೀರೆ ಹಾಸುವುದು

ಮಡಿಕೆ ಗೆರೆಗಳನ್ನು ತೆಗೆಯಿರಿ. ಪಕ್ಕದ ಬೆಳಕಿನಲ್ಲಿ ಕೂದಲಷ್ಟು ಸುಕ್ಕೂ ಎದ್ದು ಕಾಣುತ್ತದೆ. ರೇಷ್ಮೆ ಸೆರಗಿಗೆ ಹಿಂಬದಿಯಿಂದ, ಮೇಲೆ ಹತ್ತಿಬಟ್ಟೆ ಹಾಕಿ, ಕಡಿಮೆ ಕಾವಿನಲ್ಲಿ ಇಸ್ತ್ರಿ ಮಾಡಿ. ಸೀರೆಯ ಮೈಯನ್ನು ಎರಡು ಅಡಿ ಅಗಲಕ್ಕೆ ಮಡಚಿ, ಸೆರಗನ್ನು ಪೂರ್ತಿ ಬಿಚ್ಚಿ ಎದುರಿಗೆ ಬರುವಂತೆ ಕೋಲಿಗೆ ಹಾಕಿ. ದಡಿ ಒಂದು ಅಂಚಿನುದ್ದಕ್ಕೂ ನೇರವಾಗಿ ಇಳಿಯಲಿ. ಹಿಂದೆ ಬಿಳಿ ಗೋಡೆ ಅಥವಾ ಹೊಳಪಿಲ್ಲದ ಪರ್ಸಿ ಕಲ್ಲಿನ ಬೂದು ಚಂದ. ಪಾಲಿಶ್ ಮಾಡಿದ ಗ್ರಾನೈಟ್ ಬೇಡ, ಕಿಟಕಿಯೇ ಅದರಲ್ಲಿ ಮೂಡುತ್ತದೆ.

ಫೋನನ್ನು ನಿಂತವರ ಕಣ್ಣಿನ ಎತ್ತರಕ್ಕಲ್ಲ, ಸೀರೆಯ ನಡುಮಧ್ಯದ ಎತ್ತರಕ್ಕೆ ಇಡಿ. ಮೇಲಿನಿಂದ ಬಾಗಿಸಿ ತೆಗೆದರೆ ಕೆಳಭಾಗ ಸಣ್ಣಗಾಗಿ, ನೆಟ್ಟಗಿರುವ ದಡಿ ಓರೆಯಾಗಿ ಕಾಣುತ್ತದೆ. ಪರದೆಯ ಮೇಲಿನ ಗ್ರಿಡ್ ಗೆರೆಗಳನ್ನು ಆನ್ ಮಾಡಿ, ದಡಿಯನ್ನು ಒಂದು ಗೆರೆಗೆ ಕೂಡಿಸಿ. ಫ್ಯಾನ್ ನಿಲ್ಲಿಸಿ.

ಫೋನಿನೊಳಗೆ

ಲೆನ್ಸ್ ಒರೆಸಿ. ಬೆರಳಿನ ಜಿಡ್ಡು ಮೆತ್ತಿದ ಲೆನ್ಸಿನಲ್ಲಿ ಜರಿ ಹೊಳೆದಲ್ಲೆಲ್ಲ ಮಂಜು ಕವಿಯುತ್ತದೆ. ಫ್ಲಾಶ್, ಬ್ಯೂಟಿ ಫಿಲ್ಟರ್ ಮತ್ತು ಬಣ್ಣವನ್ನು ತಾನೇ ಏರಿಸುವ ‘ಎಐ’ ಸೌಲಭ್ಯಗಳನ್ನು ಬಂದ್ ಮಾಡಿ. ಒಂದು ಪಟ್ಟಿನ, ಅಂದರೆ ‘1x’ ಲೆನ್ಸ್ ಬಳಸಿ. ‘0.5x’ನಲ್ಲಿ ಅಂಚುಗಳು ಹಿಗ್ಗುತ್ತವೆ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಬೆರಳು ಒತ್ತಿದ ನಡುಕ ಚಿತ್ರಕ್ಕೆ ತಾಗುವುದಿಲ್ಲ.

ಈಗ ಮುಖ್ಯವಾದ ಬೆಳಕಿನ ಲೆಕ್ಕ. ತನ್ನೆದುರು ಇರುವುದೆಲ್ಲ ನಡುಮಟ್ಟದ ಬೂದು ಎಂಬ ಅಂದಾಜಿನ ಮೇಲೆ ಕ್ಯಾಮೆರಾ ಬೆಳಕು ಹೊಂದಿಸುತ್ತದೆ. ಅದಕ್ಕೇ ಕಪ್ಪು ಚಂದ್ರಕಾಳಿ ಸೀರೆ ಬೂದಿ ಬಳಿದಂತೆ ಬರುತ್ತದೆ, ಬಿಳಿ ಹಿನ್ನೆಲೆ ಕೊಳೆಯಾದಂತೆ ಕಾಣುತ್ತದೆ. ಸೀರೆಯ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತವೆ. ಪಕ್ಕದಲ್ಲಿ ಮೂಡುವ ಸೂರ್ಯನ ಚಿಹ್ನೆಯನ್ನು ಎಳೆದು ಬೆಳಕು ಏರಿಳಿಸಬಹುದು. ಎಲ್ಲವನ್ನೂ ಕೈಯಿಂದಲೇ ಹೊಂದಿಸುವ ಪ್ರೊ ಮೋಡ್ ಇದ್ದರೆ, ಬೆಳಕಿನ ಅಂಕಿಯನ್ನು (ಇವಿ) ಚೌಕಟ್ಟು ತುಂಬಿದ ಚಂದ್ರಕಾಳಿಗೆ ಮೈನಸ್ 0.7ರಿಂದ 1, ಬಿಳಿಯೇ ಹೆಚ್ಚಿರುವ ಚಿತ್ರಕ್ಕೆ ಪ್ಲಸ್ 0.7ರಿಂದ 1 ಇಟ್ಟು ನೋಡಿ.

ಕೆಂಪಿನ ಕತೆ ಬೇರೆ. ಚಿತ್ರದ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಾಲು. ಗಾಢ ಕೆಂಪು ರೇಷ್ಮೆಯಲ್ಲಿ ಹಸಿರು, ನೀಲಿ ಪಾಲು ಬಹುತೇಕ ಖಾಲಿ. ಒಟ್ಟು ಬೆಳಕು ಕಮ್ಮಿಯಿದೆ ಎಂದುಕೊಂಡು ಕ್ಯಾಮೆರಾ ಬೆಳಕು ಏರಿಸುತ್ತದೆ, ಕೆಂಪಿನ ಪಾಲು ತುಂಬಿ ಹೊರಚೆಲ್ಲುತ್ತದೆ. ಚೆಲ್ಲಿದ ಮೇಲೆ ನೇಯ್ಗೆಯ ಎಳೆ, ಮಡಿಕೆಯ ಏರಿಳಿತ ಯಾವುದೂ ಉಳಿಯದೆ ಬರೀ ಕುಂಕುಮದ ರಾಶಿ. ಹಾಗಾಗಿ ಕೆಂಪು ಸೀರೆಗೆ ಮೈನಸ್ 0.3ರಿಂದ 0.7ರವರೆಗೆ ಇಳಿಸಿ, ಪರದೆಯನ್ನು ಹಿಗ್ಗಿಸಿ ಎಳೆಗಳು ಕಾಣುತ್ತಿವೆಯೇ ನೋಡಿ. ಹಿನ್ನೆಲೆ ತುಸು ಬೂದಾದರೆ ಆಗಲಿ, ಅದನ್ನು ಆಮೇಲೆ ಬೆಳ್ಳಗೆ ಮಾಡಬಹುದು. ಚೆಲ್ಲಿಹೋದ ಕೆಂಪು ಮರಳಿ ಬಾರದು.

ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ‘ಆಟೊ’ದಲ್ಲಿ ಬಿಡಬೇಡಿ. ಚೌಕಟ್ಟಿನ ತುಂಬ ಕೆಂಪೇ ಇದ್ದರೆ ಫೋನು ಅದನ್ನು ಬೆಳಕಿನ ದೋಷವೆಂದು ತಿಳಿದು ನೀಲಿ ಬೆರೆಸುತ್ತದೆ. ಪ್ರೊ ಮೋಡ್‌ನಲ್ಲಿ ಬೆಳಕಿನ ಬಣ್ಣದ ಅಳತೆಯನ್ನು 5500 ಕೆಲ್ವಿನ್‌ನಿಂದ ಶುರು ಮಾಡಿ. ಉತ್ತರದ ಕಿಟಕಿಯ ಬೆಳಕು ನೀಲಿಯತ್ತ ವಾಲುವುದರಿಂದ 6500ರ ಆಸುಪಾಸಿಗೆ ಏರಿಸಬೇಕಾಗಬಹುದು. ಸೀರೆಯ ಪಕ್ಕ, ಬಣ್ಣ ಸರಿಹೊಂದಿಸಲು ಬಳಸುವ ಬೂದು ಕಾರ್ಡ್ ಇಟ್ಟು, ಅದು ಬೂದಾಗೇ ಕಾಣುವವರೆಗೆ ಸರಿಸಿ. ಜೆರಾಕ್ಸ್ ಹಾಳೆಯಿಂದಲೂ ಕೆಲಸ ಸಾಗುತ್ತದೆ, ಆದರೆ ಅದಕ್ಕೆ ಬೆರೆಸಿದ ಹೊಳಪುಕಾರಕ ಸ್ವಲ್ಪ ನೀಲಿ ತೋರಿಸುತ್ತದೆ.

ಕೊಂಡಿ, ತೆನಿ, ಖಣ

ಒಂದು ಸೀರೆಗೆ ಐದಾರು ಚಿತ್ರ ಬೇಕೇ ಬೇಕು. ಪೂರ್ತಿ ಸೀರೆ, ಟೋಪ ತೆನಿ ಸೆರಗು, ದಡಿ, ಹಿಂಬದಿ, ಉಟ್ಟಾಗಿನ ನೋಟ, ಇವುಗಳ ಜತೆಗೆ ಕೊಂಡಿ. ಮೈಯ ಹಾಸು (ಉದ್ದುದ್ದ) ಎಳೆಗಳನ್ನೂ ಸೆರಗಿನ ರೇಷ್ಮೆ ಹಾಸನ್ನೂ ಕುಣಿಕೆ ಕುಣಿಕೆಯಾಗಿ ಜೋಡಿಸುವ ಕೊಂಡಿ ಇಳಕಲ್ ಸೀರೆಯ ಗುರುತು. ತಿಳಿದ ಗಿರಾಕಿ ಮೊದಲು ಕೇಳುವುದೇ ಅದನ್ನು. ದೂರದ ಊರಿನವರು ಬೆರಳಾಡಿಸಿ ನೋಡಲಾರರು, ಆ ಕೆಲಸವನ್ನು ಈ ಒಂದು ಚಿತ್ರ ಮಾಡಬೇಕು.

ಕೊಂಡಿ ಇರುವ ಭಾಗವನ್ನು ಸಮತಟ್ಟಾಗಿ ಹಾಸಿ, ಥರ್ಮಾಕೋಲ್ ತೆಗೆದು ಅದೇ ಜಾಗದಲ್ಲಿ ಕಪ್ಪು ಚಾರ್ಟ್ ನಿಲ್ಲಿಸಿ. ಬೆಳಕು ಒಂದೇ ಮಗ್ಗುಲಿನಿಂದ ಬಟ್ಟೆಯನ್ನು ಸವರಿಕೊಂಡು ಹೋಗಬೇಕು. ಆಗ ಪ್ರತಿ ಕುಣಿಕೆಗೂ ತನ್ನದೇ ನೆರಳು ಬಿದ್ದು ಗಂಟು ಎದ್ದು ಕಾಣುತ್ತದೆ. ಫೋನು ಬಟ್ಟೆಗೆ ಆನಿಸುವಷ್ಟು ಹತ್ತಿರ ಬೇಡ. ಹತ್ತಿರ ಹೋದಾಗ ಹಲವು ಫೋನುಗಳು ತಾವೇ ಅಗಲ ಲೆನ್ಸಿನ ಮ್ಯಾಕ್ರೊಗೆ ಜಿಗಿಯುತ್ತವೆ, ಬಣ್ಣವೂ ಬದಲಾಗುತ್ತದೆ. ಒಂದು ಅಡಿ ದೂರದಿಂದ ತೆಗೆದು ಕತ್ತರಿಸಿಕೊಳ್ಳಿ. ದಡಿಯ ಚಿತ್ರದಲ್ಲಿ ಅಳತೆ ಟೇಪೊಂದನ್ನು ಇಡಿ, ದಡಿಯ ಬಗೆ ಗೋಮಿಯೋ ಗಾಯತ್ರಿಯೋ ಎಂಬುದರ ಜತೆಗೆ ಅಗಲವೂ ತಿಳಿಯಲಿ.

ಖಣದ ತೊಂದರೆ ಇನ್ನೊಂದು ಬಗೆ. ಅದರ ಸಣ್ಣ ಒತ್ತೊತ್ತಾದ ಬುಟ್ಟಾಗಳೂ ಕ್ಯಾಮೆರಾದ ಚುಕ್ಕೆಗಳ ಸಾಲೂ ಒಂದರ ಮೇಲೊಂದು ಬಿದ್ದಾಗ ಬಟ್ಟೆಯಲ್ಲಿಲ್ಲದ ಅಲೆಅಲೆ ಪಟ್ಟೆಗಳು ಹುಟ್ಟುತ್ತವೆ. ಫೋನನ್ನು ಅರ್ಧ ಅಡಿ ಹಿಂದೆ ಮುಂದೆ ಮಾಡಿ, ಇಲ್ಲವೇ ಖಣವನ್ನು ಹತ್ತು ಹದಿನೈದು ಡಿಗ್ರಿ ತಿರುಗಿಸಿ. ಪಟ್ಟೆ ಹೋಯಿತೇ ಎಂದು ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿಯೇ ನೋಡಬೇಕು. ಸಣ್ಣ ಪರದೆಯಲ್ಲಿ ಕಾಣುವ ಕೆಲವು ಪಟ್ಟೆ ಪರದೆಯದೇ ಆಗಿರುತ್ತವೆ. ಹಾಸು ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣವಿದ್ದರೆ ಖಣ ಓರೆ ಮಾಡಿದಂತೆ ಬಣ್ಣ ಬದಲಿಸುತ್ತದೆ. ಒಂದೇ ಚಿತ್ರ ಹಾಕಿದರೆ ಅರ್ಧ ಸತ್ಯ, ಎರಡು ಕೋನದಿಂದ ತೆಗೆದು ಎರಡನ್ನೂ ಹಾಕಿ.

ಅಮೀನಗಡದ ಕರದಂಟು, ಬೆಳಗಾವಿಯ ಕುಂದಾ ಮಾರುವವರು ಕಿಟಕಿಯನ್ನು ತಿನಿಸಿನ ಹಿಂಬದಿಯ ಓರೆಗೆ ಇಟ್ಟುಕೊಳ್ಳಲಿ. ಹಿಂದಿನಿಂದ ಬೆಳಕು ಬಂದರೆ ಕರದಂಟಿನ ಅಂಟು ಹೊಳೆಯುತ್ತದೆ, ಕುಂದಾದ ಮೇಲಿನ ತುಪ್ಪದ ಜಿನುಗು ಕಾಣುತ್ತದೆ. ಎದುರಿನಿಂದ ಬಂದರೆ ಎರಡೂ ಕಂದು ಮುದ್ದೆ.

ಕಳಿಸುವ ಮುನ್ನ

ಎಡಿಟಿಂಗ್‌ನಲ್ಲಿ ಬೆಳಕು, ವೈಟ್ ಬ್ಯಾಲೆನ್ಸ್, ಕತ್ತರಿಸುವುದು ಈ ಮೂರೇ ಇರಲಿ. ಬಣ್ಣದ ಗಾಢತೆ ಏರಿಳಿಸುವ ಸ್ಯಾಚುರೇಶನ್ ಮುಟ್ಟಬೇಡಿ. ಪರದೆಯನ್ನು ಹಳದಿಗೆ ತಿರುಗಿಸುವ ಫೋನಿನ ‘ಐ ಕಂಫರ್ಟ್’ ಬಂದ್ ಮಾಡಿ, ಸೀರೆಯನ್ನು ಅದೇ ಕಿಟಕಿಯ ಬಳಿ ಹಿಡಿದು ಪರದೆಯ ಜತೆ ಹೋಲಿಸಿ. ಮನೆಯ ಇನ್ನೊಂದು ಅಗ್ಗದ ಫೋನಿನಲ್ಲೂ ನೋಡಿ. ಗಿರಾಕಿಯ ಕೈಯಲ್ಲಿರುವುದು ಅಂಥದ್ದೇ ಇರಬಹುದು.

ಚಿತ್ರ ಚೌಕಾಕಾರವಾಗಿ 2000 ಪಿಕ್ಸೆಲ್ ಇದ್ದರೆ ಹೆಚ್ಚಿನ ಕಡೆ ಸಾಲುತ್ತದೆ. ಅಮೆಜಾನ್‌ನ ಮೊದಲ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ ಬೇಕು, ಸರಕು ಚೌಕಟ್ಟಿನ ಶೇ 85ರಷ್ಟನ್ನಾದರೂ ತುಂಬಿರಬೇಕು. ವಾಟ್ಸ್‌ಆ್ಯಪ್ ಬಿಸಿನೆಸ್ ಕ್ಯಾಟಲಾಗ್‌ನಲ್ಲಿ ಒಂದು ವಸ್ತುವಿಗೆ 10 ಚಿತ್ರ ಹಾಕಬಹುದು. ಗಿರಾಕಿಗೆ ನೇರ ಕಳಿಸುವಾಗ ಫೋಟೊ ಆಗಿ ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸಿ ಕೊಂಡಿಯ ವಿವರವನ್ನೇ ತಿಂದುಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಎಲ್ಲ ಹೊಂದಿದ ದಿನ ಸ್ಟ್ಯಾಂಡಿನ ಮೂರು ಕಾಲು, ಕೋಲಿನ ಜಾಗ, ಥರ್ಮಾಕೋಲಿನ ಜಾಗಗಳಿಗೆ ನೆಲದ ಮೇಲೆ ಟೇಪಿನಿಂದ ಗುರುತು ಮಾಡಿ, ಫೋನಿನ ಅಂಕಿಗಳನ್ನು ಚೀಟಿಯಲ್ಲಿ ಬರೆದು ಕಿಟಕಿಯ ಚೌಕಟ್ಟಿಗೆ ಅಂಟಿಸಿ. ಮುಂದಿನ ವಾರ ಮಗ್ಗದಿಂದ ಇಳಿದ ಸೀರೆಗೆ ಕೋಲು ಹುಡುಕುವುದರಿಂದ ಶುರು ಮಾಡಬೇಕಾಗಿಲ್ಲ.