ನಗಿಸುವ ಡೊಮೇನ್ ಹೆಸರು: ದುಡ್ಡು ಕಟ್ಟುವ ಮುಂಚೆ ಜೋರಾಗಿ ಓದಿಸಿ

ತಮಾಷೆಯ ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಒಮ್ಮೆ ಕೇಳಿದರೆ ಸಾಕು, ತಲೆಯಲ್ಲಿ ಉಳಿದುಬಿಡುತ್ತದೆ. ಆದರೆ ನಾವು ಒಂದಕ್ಕೆ ನಗಿಸಲು ಹೋಗಿ ಜನ ಇನ್ನೊಂದಕ್ಕೆ ನಗಬಾರದು ಅಲ್ವಾ?

ಮೊದಲು ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಜಾಗ ಬಿಡದೆ ಒಂದು ಚೀಟಿಯಲ್ಲಿ ಬರೆಯಿರಿ. ಡೊಮೇನ್‌ನಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ, ದೊಡ್ಡಕ್ಷರಕ್ಕೆ ಬೆಲೆಯೂ ಇಲ್ಲ. ಚೀಟಿಯನ್ನು ವಿಷಯ ಗೊತ್ತಿಲ್ಲದವರ ಕೈಗೆ ಕೊಟ್ಟು ಜೋರಾಗಿ ಓದಿಸಿ. ಏನೂ ಹೇಳಿಕೊಡಬೇಡಿ. ಅವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ಕಿಸಕ್ಕನೆ ನಗುತ್ತಾರೆ ಅಂತ ಸುಮ್ನೆ ನೋಡಿ. 'ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್' ಎಂಬುದು ಕಂಪ್ಯೂಟರ್ ಸಮಸ್ಯೆಗಳಿಗೆ ತಜ್ಞರು ಉತ್ತರ ಕೊಡುವ ತಾಣ. ಎರಡು ಪದ ಕೂಡಿಸಿದಾಗ ನಡುವಿನ 'ಎಸ್' ಮುಂದಕ್ಕೆ ಜಾರಿತು. ಜನ ಅದನ್ನು 'ಎಕ್ಸ್‌ಪರ್ಟ್ ಸೆಕ್ಸ್ ಚೇಂಜ್' ಎಂದು ಓದಿದರು! ಕೊನೆಗೆ ನಡುವೆ ಹೈಫನ್ ಬಂತು. ನಿಮ್ಮ ಹೆಸರಿಗೂ ಒಂದು ಹೈಫನ್ ಸಾಕಾಗಬಹುದು. ಆದರೆ ಅದು ಮೊದಲಲ್ಲಾಗಲಿ ಕೊನೆಯಲ್ಲಾಗಲಿ ಬರುವಂತಿಲ್ಲ.

ಇನ್ನು ಬೈಗುಳದ ವಿಷಯ. ಹೆಸರು ನೋಂದಾಯಿಸುವ ಯಂತ್ರಕ್ಕೆ ಅರ್ಥ ಗೊತ್ತಾಗುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ. 1998ರಲ್ಲಿ ಒಬ್ಬರು ಶಿಟಾಕೆ ಅಣಬೆಯ ಹೆಸರಲ್ಲಿ ಡಾಟ್ ಕಾಮ್ ಕೇಳಿದರು. ಮೊದಲ ನಾಲ್ಕು ಅಕ್ಷರ ಕೂಡಿದರೆ ಇಂಗ್ಲಿಷಿನ ಬೈಗುಳ. ಅಷ್ಟಕ್ಕೇ ಅರ್ಜಿ ತಿರಸ್ಕಾರವಾಯಿತು. ಪಾಪ, ಅಣಬೆಯ ತಪ್ಪೇನು?

ಈಗ ನಿಯಮ ನಿಂತಿರುವುದು ಚುಕ್ಕಿಯ ನಂತರದ ಬಾಲದ ಮೇಲೆ. ಡಾಟ್ ಕಾಮ್‌ನಲ್ಲಿ ಬೈಗುಳಕ್ಕೆ ಅಂಥ ತಡೆ ಇಲ್ಲ. ಅಮೆರಿಕದ ಡಾಟ್ ಯುಎಸ್‌ನಲ್ಲಿ ಏಳು ಪದಗಳಿಗೆ ನಿಷೇಧ ಇತ್ತು, 2018ರಲ್ಲಿ ಕೈಬಿಟ್ಟರು. ಬ್ರಿಟನ್ನಿನ ಡಾಟ್ ಯುಕೆ 2014ರಿಂದ ಬೇರೆ ದಾರಿ ಹಿಡಿದಿದೆ. ಬರೀ ಒರಟು ಮಾತನ್ನು ಅದು ತಡೆಯುವುದಿಲ್ಲ. ಗಂಭೀರ ಲೈಂಗಿಕ ಅಪರಾಧವನ್ನು ಸೂಚಿಸುವ ಹೆಸರನ್ನು ಮಾತ್ರ ಅಮಾನತು ಮಾಡುತ್ತದೆ. ನನಗೆ ಇದೇ ಸರಿ ಅನ್ನಿಸುತ್ತದೆ. ಒಂದೊಂದು ಬಾಲಕ್ಕೆ ಒಂದೊಂದು ನಿಯಮ, ಹಾಗಾಗಿ ನಿಮಗೆ ಬೇಕಾದ ಬಾಲದ ನಿಯಮವನ್ನೂ, ಹೆಸರು ಮಾರುವ ಕಂಪನಿಯ ಷರತ್ತನ್ನೂ ಓದಿಕೊಳ್ಳಿ.

ಬೇರೆಯವರ ಬ್ರ್ಯಾಂಡ್ ಹೆಸರಿಟ್ಟು ತಮಾಷೆ ಮಾಡುವುದರಲ್ಲಿ ಅಪಾಯ ಜಾಸ್ತಿ. 1999ರಿಂದ ಜಾರಿಯಲ್ಲಿರುವ ಡೊಮೇನ್ ವಿವಾದ ನಿಯಮದಡಿ ಬ್ರ್ಯಾಂಡಿನವರು ದೂರು ಕೊಟ್ಟು ಗೆದ್ದರೆ ಹೆಸರು ಕೈತಪ್ಪುತ್ತದೆ.

ಎಲ್ಲ ಸರಿ ಎನಿಸಿದರೆ ಒಂದೊಂದೇ ಅಕ್ಷರ ನೋಡಿಕೊಂಡು ದುಡ್ಡು ಕಟ್ಟಿ. ನೋಂದಣಿ ಆದ ಮೇಲೆ ಸ್ಪೆಲ್ಲಿಂಗ್ ತಿದ್ದಲು ಬರುವುದಿಲ್ಲ. ಡಾಟ್ ಕಾಮ್‌ನಲ್ಲಿ ರದ್ದು ಮಾಡಲು 5 ದಿನದ ಅವಕಾಶ ಇದೆ. ಆದರೆ ದುಡ್ಡು ವಾಪಸ್ ಕೊಡುವುದು ಬಿಡುವುದು ಮಾರಿದ ಕಂಪನಿಗೆ ಬಿಟ್ಟದ್ದು.