ಸ್ತನದ ಗಂಟಿಗೆ ಸೂಜಿ ಬಯಾಪ್ಸಿ ಬರೆದುಕೊಟ್ಟಿದ್ದಾರೆಯೇ?

ಡಾಕ್ಟರು ಚೀಟಿಯಲ್ಲಿ ‘ಟ್ರೂಕಟ್’ ಅಥವಾ ‘ಕೋರ್ ಬಯಾಪ್ಸಿ’ (ಸೂಜಿಯಿಂದ ಗಂಟಿನ ತುಣುಕು ತೆಗೆದು ಪರೀಕ್ಷಿಸುವುದು) ಎಂದು ಬರೆದ ಕೂಡಲೇ ಮನೆಯಲ್ಲಿ ಏಳುವ ಮಾತು, ‘ಸೂಜಿ ಹಾಕಿದರೆ ಗಂಟು ಕೆರಳುತ್ತದಂತೆ’. ಇದನ್ನು ನಂಬಿ ತಿಂಗಳುಗಟ್ಟಲೆ ಮುಂದೂಡುವುದೇ ನಿಜವಾದ ಅಪಾಯ.

ಎಫ್‌ಎನ್‌ಎಸಿ ಎಂಬ ಇನ್ನೊಂದು ಪರೀಕ್ಷೆಯ ತೆಳು ಸೂಜಿಗೆ ಬಿಡಿ ಜೀವಕೋಶಗಳಷ್ಟೇ ಸಿಗುತ್ತವೆ. ಕೋರ್ ಬಯಾಪ್ಸಿಯ ಸೂಜಿ ಸಾಮಾನ್ಯವಾಗಿ 14 ಗೇಜ್, ಸುಮಾರು 2 ಮಿ.ಮೀ. ದಪ್ಪ. ಅದು ಶಾವಿಗೆ ಎಳೆಯಂಥ ತುಣುಕನ್ನೇ ತರುತ್ತದೆ. ಕ್ಯಾನ್ಸರ್ ಎಂದಾದರೆ ಯಾವ ಔಷಧಿ ನಾಟಬಹುದು ಎಂದು ತಿಳಿಸುವ ಇಆರ್, ಪಿಆರ್, ಹರ್-2 ಪರೀಕ್ಷೆಗಳಿಗೂ ಅದೇ ತುಣುಕು ಆಗುತ್ತದೆ.

ಮ್ಯಾಮೊಗ್ರಾಂ ಬೇಕೆಂದಿದ್ದರೆ ಬಯಾಪ್ಸಿಗೆ ಮೊದಲೇ ಮಾಡಿಸಿ. ಆಮೇಲೆ ಒಳಗೆ ರಕ್ತ ಹೆಪ್ಪುಗಟ್ಟಿ ಚಿತ್ರ ಕಲಸಿಹೋಗಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ನುಂಗುತ್ತಿದ್ದರೆ ಮುಂಚೆಯೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಸಾಮಾನ್ಯವಾಗಿ ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಹೋಗಿ. ಮುಂದೆ ಹುಕ್ ಇರುವ ಸಡಿಲ ರವಿಕೆ ಅನುಕೂಲ.

ಅಂಗಾತ ಮಲಗಿಸಿ ಕೈಯನ್ನು ತಲೆಯ ಮೇಲಕ್ಕೆ ಇಡಿಸುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ಗಂಟು ಹಿಡಿದು ಜಾಗ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುತ್ತಾರೆ. ಕೆಲವು ಸೆಕೆಂಡು ಚುರುಚುರು ಉರಿ, ಇಡೀ ಕೆಲಸದಲ್ಲಿ ಹೆಚ್ಚು ನೋವು ಅದೇ. ಜಾಗ ಮರಗಟ್ಟಿದ ಮೇಲೆ ಕೆಲವೇ ಮಿಲಿಮೀಟರ್ ಚರ್ಮ ಸೀಳಿ ಸೂಜಿ ಇಳಿಸುತ್ತಾರೆ. ಬಯಾಪ್ಸಿ ಗನ್ ಸ್ಟೇಪ್ಲರ್‌ನಂತೆ ‘ಟಕ್’ ಎನ್ನುತ್ತದೆ. ಸದ್ದಿಗೆ ಬೆಚ್ಚಿ ಮೈ ಸರಿಸಿದರೆ ಸೂಜಿ ಗುರಿ ತಪ್ಪುತ್ತದೆ, ಆದ್ದರಿಂದ ಮೊದಲೇ ಒಮ್ಮೆ ಆ ಸದ್ದು ಕೇಳಿಸಿ ಎನ್ನಿ. ಹೀಗೆ ನಾಲ್ಕೈದು ಬಾರಿ.

ತುಣುಕುಗಳನ್ನು ಕೆಡದಂತೆ ಕಾಯುವ ದ್ರವವಾದ 10% ಬಫರ್ಡ್ ಫಾರ್ಮಲಿನ್‌ಗೆ ಹಾಕುತ್ತಾರೆ. ಬೆಳ್ಳಗಿನ ಗಟ್ಟಿ ಎಳೆ ಮುಳುಗುತ್ತದೆ. ಹಳದಿಯಾಗಿ ತೇಲಿದರೆ ಬರೀ ಕೊಬ್ಬು ಬಂದಿರುವ ಸಾಧ್ಯತೆ ಹೆಚ್ಚು, ಇನ್ನೊಂದು ತೆಗೆಯಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಈ ಡಬ್ಬಿಯನ್ನು ಲ್ಯಾಬಿಗೆ ಒಯ್ಯುವುದು ಎಷ್ಟೋ ಸಲ ಮನೆಯವರೇ. ಕೆಲಸ ಕೆಡುವುದೂ ಇಲ್ಲೇ. ಹೆಸರು, ಎಡವೋ ಬಲವೋ, ತೆಗೆದ ದಿನ, ಗಂಟೆ ಡಬ್ಬಿಯ ಮೈಮೇಲೆಯೇ ಇರಲಿ, ಮುಚ್ಚಳದ ಮೇಲಲ್ಲ. ಒಳಗಿರುವುದು ಫಾರ್ಮಲಿನ್ನೇ ಹೊರತು ಸಲೈನ್ ಅಲ್ಲ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಸಲೈನ್‌ನಲ್ಲಿ ತುಣುಕು ಕೊಳೆಯುತ್ತದೆ. ಮುಚ್ಚಳ ತೆಗೆಯಬೇಡಿ, ಫ್ರಿಜ್ಜಿನಲ್ಲಿಡಬೇಡಿ, ಅಂದೇ ತಲುಪಿಸಿ. ಹರ್-2 ಪರೀಕ್ಷೆಗೆ ತುಣುಕು ಫಾರ್ಮಲಿನ್‌ನಲ್ಲಿ ಕನಿಷ್ಠ 6, ಗರಿಷ್ಠ 72 ಗಂಟೆ ಇರಬೇಕೆಂಬ ಲೆಕ್ಕವಿದೆ. ಶನಿವಾರ ತೆಗೆದ ಡಬ್ಬಿ ಮಂಗಳವಾರದವರೆಗೆ ಕಪಾಟಿನಲ್ಲಿ ಕೂತರೆ ಆ ಲೆಕ್ಕ ಮೀರಬಹುದು.

ಸೂಜಿ ತೆಗೆದ ಮೇಲೆ ಹತ್ತು ನಿಮಿಷ ಬಲವಾಗಿ ಒತ್ತಿ ಹಿಡಿಯಬೇಕು. ಆ ದಿನ ಬಿಗಿಯಾದ ಬ್ರಾ ಧರಿಸಿ, ಬಟ್ಟೆ ಸುತ್ತಿದ ಐಸ್ ಆಗಾಗ ಇಡಿ, ಬಿಂದಿಗೆ ಎತ್ತಬೇಡಿ. ನೋವಿಗೆ ಪ್ಯಾರಸಿಟಮಾಲ್ ಸಾಕು. ನೀಲಿಗಟ್ಟಿದ ಚರ್ಮ ಹಸಿರು, ಹಳದಿಯಾಗಿ ಒಂದೆರಡು ವಾರದಲ್ಲಿ ಮಾಯುತ್ತದೆ. ಒತ್ತಿದರೂ ನಿಲ್ಲದ ರಕ್ತ, ಬೆಳೆಯುವ ಬಾವು, ಜ್ವರ, ಕೀವು ಕಂಡರೆ ಅಥವಾ ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಸ್ಕ್ಯಾನಿನಲ್ಲಿ ಅನುಮಾನ ಬಲವಾಗಿದ್ದು ಬಯಾಪ್ಸಿ ರಿಪೋರ್ಟು ಮಾತ್ರ ‘ಏನೂ ಇಲ್ಲ’ ಎಂದರೆ ಸುಮ್ಮನಾಗಬೇಡಿ. ಸೂಜಿ ಗಂಟಿನ ಪಕ್ಕಕ್ಕೆ ಹೋಗಿರಬಹುದು. ಎರಡೂ ರಿಪೋರ್ಟನ್ನು ಒಟ್ಟಿಗಿಟ್ಟು ಡಾಕ್ಟರನ್ನು ಕೇಳಿ. ದೊಡ್ಡ ಆಸ್ಪತ್ರೆಗೆ ಹೋಗುವುದಾದರೆ ಲ್ಯಾಬಿನಿಂದ ಸ್ಲೈಡ್ ಜೊತೆಗೆ ಮೇಣದ ಬ್ಲಾಕನ್ನೂ (ನಿಮ್ಮ ತುಣುಕನ್ನು ಹುದುಗಿಸಿಟ್ಟ ಮೇಣದ ಗಟ್ಟಿ) ಪಡೆದುಕೊಳ್ಳಿ. ಬ್ಲಾಕ್ ಕೈಯಲ್ಲಿದ್ದರೆ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವುದು ಎಷ್ಟೋ ಸಲ ತಪ್ಪುತ್ತದೆ.